ಕಾರಿನ ದೃಷ್ಟಿ

ಯಾರನ್ನಾದರೂ ಕೇಳಿ ತಿಳಿಯಬಹುದಾದದ್ದನ್ನೂ ಓದಿಯೇ ತಿಳಿಯಬೇಕೆಂಬ ಹಟ ನನ್ನದು. ಬಸ್ಸು ಎಷ್ಟು ಹೊತ್ತಿಗೆಂದು ಪಕ್ಕದವರನ್ನು ಕೇಳುವ ಬದಲು, ಬಣ್ಣ ಹೋದ ವೇಳಾಪಟ್ಟಿ ಓದುತ್ತ ನಿಂತು ಬಸ್ಸನ್ನೇ ತಪ್ಪಿಸಿಕೊಂಡವಳು ನಾನು. ಮನೆಯವರು ಇದನ್ನು ವಿದ್ಯೆ ಎಂದುಕೊಂಡಿದ್ದಾರೆ. ನಿಜದಲ್ಲಿ ಇದು ಸಂಕೋಚ. ಭೌತಶಾಸ್ತ್ರದ ಎಂ.ಎಸ್ಸಿ. ಇರುವುದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಕೊಟ್ಟೂರಿನಲ್ಲಿ ಅಬ್ಬಾನ, ಅಂದರೆ ನಮ್ಮ ಅಪ್ಪನ, ಗ್ಯಾರೇಜಿದೆ. ಇಪ್ಪತ್ತು ವರ್ಷದಿಂದ ಬರುತ್ತಿರುವ ಗಿರಾಕಿ, ಕಿರಾಣಿ ಅಂಗಡಿಯ ಕೊಟ್ರೇಶಣ್ಣ, ಕಲ್ಲು ಸಿಡಿದು ಬಿರುಕು ಬಿಟ್ಟ ಹೊಸ ಕಾರಿನ ಮುಂದಿನ ಗಾಜು ಬದಲಿಸಲು ಬಂದರು. ಜೊತೆಗೆ ಅವರ ತಾಯಿ ಗೌರಜ್ಜಿ. ಗಾಜೇನೋ ಕೂತಿತು. ಆದರೆ ಅದರ ಹಿಂದೆ, ಮೇಲೆ ನಡುಮಧ್ಯೆ, ಒಂದು ಕ್ಯಾಮೆರಾ ಇದೆ. ಎದುರಿಗೆ ಏನಾದರೂ ಬಂದರೆ ಅದನ್ನು ನೋಡಿ ಕಾರು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಗಾಜು ಬದಲಾದರೆ ಆ ಕ್ಯಾಮೆರಾಕ್ಕೆ ನೆಟ್ಟಗೆ ಯಾವುದು, ಸೊಟ್ಟಗೆ ಯಾವುದು ಎಂದು ಮತ್ತೆ ಕಲಿಸಬೇಕು. ಅದೇ ಕ್ಯಾಲಿಬ್ರೇಷನ್. ಅಬ್ಬಾನಿಗೆ ಇಂಥ ಕಾರು ಇದೇ ಮೊದಲು. ಸೋಮವಾರದೊಳಗೆ ಆಗದಿದ್ದರೆ ಹೊಸಪೇಟೆಗೆ, ಕಂಪನಿಯ ವರ್ಕ್‌ಶಾಪಿಗೆ ಒಯ್ಯುತ್ತೇನೆಂದು ಕೊಟ್ರೇಶಣ್ಣ ಮೆತ್ತಗೆ ಹೇಳಿದರು. ಅತ್ತ ಹೋದ ಗಿರಾಕಿ ಇತ್ತ ಬರುವುದಿಲ್ಲ. ಅಬ್ಬಾ ನನ್ನ ಮುಖ ನೋಡಿದರು. ಮಾಹಿತಿ ಹುಡುಕುವುದು ನನ್ನ ಪಾಲಿಗೆ ಬಂತು.

ಹುಡುಕಿದ ವೆಬ್‌ಸೈಟುಗಳೆಲ್ಲ ಮೊದಲು ನನ್ನನ್ನೇ ವಿಚಾರಿಸಿಕೊಂಡವು. ಹೆಸರೇನು, ಫೋನ್ ನಂಬರೇನು, ನೀವು ಮೆಕ್ಯಾನಿಕ್ಕೋ ಮಾಲೀಕರೋ. ಕಾರಿನ ಹದಿನೇಳು ಅಕ್ಷರದ ಚಾಸಿ ನಂಬರನ್ನು ಸಂತೋಷದಿಂದ ಕೊಟ್ಟೆ. ನನ್ನ ಹತ್ತು ಅಂಕಿ ಕೊಡಲು ಅರ್ಧ ದಿನ ಯೋಚಿಸಿದೆ. ಕೊನೆಗೆ ಕಂಪನಿಯ ಕೈಪಿಡಿಯೊಂದರಲ್ಲಿ ವಿಧಾನ ಸಿಕ್ಕಿತು: ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ, ಬಿಳಿ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು. ನಮ್ಮ ಓಣಿಯಲ್ಲಿ ಬಿಳಿ ಗೆರೆ ಎಂದರೆ ರಂಗೋಲಿ. ಹಾಗಾಗಿ ಕೂಡ್ಲಿಗಿ ಹೆದ್ದಾರಿಯೇ ಗತಿ. ಇದನ್ನೆಲ್ಲ ಗೌರಜ್ಜಿಗೆ ತಿಳಿಯುವಂತೆ, 'ಕಾರು' ಬಿಟ್ಟರೆ ಒಂದೂ ಇಂಗ್ಲಿಷ್ ಪದ ಬಳಸದೆ, ಕ್ಯಾಮೆರಾವನ್ನು 'ಕಣ್ಣು' ಎಂದು ತೋರಿಸಿ, "ಹೊಸ ಗಾಜು ಹಾಕಿದ್ದಕ್ಕೆ ಕಾರಿನ ದೃಷ್ಟಿ ಸರಿಮಾಡಬೇಕಜ್ಜಿ" ಎಂದೆ. ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. ನನ್ನ ಕನ್ನಡದ ಬಗ್ಗೆ ನನಗೇ ಹೆಮ್ಮೆಯಾಯಿತು.

ಆ ಸಂಜೆ ಕಾರು ಮನೆಗೆ ಹೋಗಿ, ಬೆಳಗ್ಗೆ ವಾಪಸು ಬಂತು. ಅಬ್ಬಾ ಎರಡು ದಿನ, ಎರಡು ಸಲ ಕೂಡ್ಲಿಗಿಯತ್ತ ಓಡಿಸಿದರು. ಎರಡು ಸಲವೂ ಸ್ಕ್ಯಾನರ್ ಒಲ್ಲೆ ಎಂದಿತು. ಪ್ರತಿ ಸಲವೂ ನಾನು ಇನ್ನಷ್ಟು ಪುಟ ಓದಿದೆ. ಟೈರಿನ ಗಾಳಿ, ಡಿಕ್ಕಿಯಲ್ಲಿನ ಭಾರ, ಬಿಸಿಲಿನ ಕೋನ, ಎಲ್ಲವನ್ನೂ ಅನುಮಾನಿಸಿದೆ.

ಸೋಮವಾರ ತಾಯಿ-ಮಗ ಇಬ್ಬರೂ ಬಂದರು.

"ದೃಷ್ಟಿ ಇನ್ನೂ ಹೋಗಿಲ್ಲೇನ್ರೀ ಉಸ್ತಾದ್ರ?" ಎಂದು ಅಜ್ಜಿ ಕೇಳಿದರು. "ಊರ ಕಣ್ಣು ಭಾಳ ಕೆಟ್ಟದ್ದು. ಅದಕ್ಕ ಇವನ ಕೈಲೆ ಸರಿಯಾಗಿ ಆ ಕಣ್ಣಿನ ಮ್ಯಾಲೇ ಇಬತ್ತಿ ಹಚ್ಚಿಸೀನಿ."

ಎಲ್ಲರೂ ಗಾಜಿನತ್ತ ನೋಡಿದೆವು. ಕ್ಯಾಮೆರಾಕ್ಕೆ ಸರಿಯಾಗಿ, ದಪ್ಪಗೆ, ಮೂರು ಪಟ್ಟೆ ವಿಭೂತಿ. ಅಬ್ಬಾ ಅದನ್ನು ಮೊದಲ ದಿನವೇ ಕಂಡಿದ್ದರು. ಗಿರಾಕಿ ಭಕ್ತಿಯಿಂದ ಹಚ್ಚಿದ್ದನ್ನು ಮುಟ್ಟಬಾರದೆಂಬುದು ಅವರ ಪದ್ಧತಿ. ಎರಡು ದಿನವೂ ಅದರ ಸುತ್ತಲೇ ತೊಳೆದಿದ್ದರು. ನಾನೂ ಕಂಡಿದ್ದೆ. ಆದರೆ ಪರದೆಯ ಮೇಲೆ ಇಲ್ಲದ್ದು ನನ್ನ ಗಮನಕ್ಕೆ ಬರುವುದಿಲ್ಲ.

"ಅಜ್ಜಿ, ನಾನು ಹೇಳಿದ ದೃಷ್ಟಿ ಬೇರೆ. ಕಾರಿಗೇ ಮುಂದಿನದು ಕಾಣಬೇಕಿತ್ತು" ಎಂದೆ.

ಅಜ್ಜಿ ಮಗನತ್ತ ತಿರುಗಿದರು. "ಒರೆಸಲೇ. ಕಣ್ಣಿಗೇ ಬಳದು ಕುಂತೀದಿ." ಆಮೇಲೆ ನನಗೆ: "ಅಡ್ಡ ಆಗ್ತೈತಿ ಅಂತ ಒಂದು ಮಾತು ಹೇಳಾಕ ಬರ್ತಿರ್ಲಿಲ್ಲೇನವ್ವಾ? ಬಾಯಿ ಐತಲ್ಲ." ತಾವೇ ಬಾನೆಟ್ಟಿನ ತುದಿಗೆ, ಕ್ಯಾಮೆರಾಕ್ಕೆ ಕಾಣದ ಕಡೆ, ಹೊಸದಾಗಿ ಮೂರು ಪಟ್ಟೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ಸ್ಕ್ಯಾನರ್ ಒಪ್ಪಿತು. ಕೊಟ್ರೇಶಣ್ಣ ಹೊಸಪೇಟೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ಕೈಪಿಡಿಯ ಮೊದಲ ಪುಟ ತೆರೆದೆ. ಮೊದಲ ಸಾಲೇ ಅದು: ಗಾಜಿನ ಮೇಲೆ ಏನಾದರೂ ಹಚ್ಚಿದ್ದಾರೆಯೇ ಎಂದು ವಾಹನದವರನ್ನು ಕೇಳಿ. ನಾನು ಇದನ್ನು ಓದಿರಲಿಲ್ಲ ಎಂದಲ್ಲ. 'ಕೇಳಿ' ಎಂದಿದ್ದನ್ನು ಕಂಡು ಎರಡನೆಯ ಸಾಲಿಗೆ ಹೋಗಿದ್ದೆ.