ಗರಗಸ ನೋಡುವ ಶಾಸ್ತ್ರ

ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಹುಚ್ಚು ಹಿಡಿಯುತ್ತದೆಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಹಿಡಿದರೆ ಇಸ್ಪೀಟಿನ ಹುಚ್ಚು ಹಿಡಿಯಬೇಕು, ನಾಟಕದ ಹುಚ್ಚು ಹಿಡಿಯಬೇಕು; ಜೊತೆಗೆ ಹತ್ತು ಜನ ಸಿಗುತ್ತಾರೆ, ಹುಚ್ಚು ಅಂತ ಯಾರೂ ಅನ್ನುವುದಿಲ್ಲ. ನನಗೆ ಹಿಡಿದದ್ದು ಮರದ ಹಲಗೆಯಲ್ಲಿ ತೂತು ಮಾಡುವ ಹುಚ್ಚು. ತೂತೆಂದರೆ ಬರೀ ತೂತಲ್ಲ. ತೆಳ್ಳನೆಯ ಹಲಗೆಯ ಮೇಲೆ ಬಳ್ಳಿ, ಹೂವು, ಗಿಳಿ, ನವಿಲು ಬರೆದುಕೊಂಡು, ನೂಲಿನಷ್ಟು ಸಣ್ಣ ಗರಗಸದಿಂದ ಬೇಡದ್ದನ್ನೆಲ್ಲ ಕತ್ತರಿಸಿ ತೆಗೆದು, ಬೇಕಾದ್ದನ್ನು ಜಾಲರಿಯ ಹಾಗೆ ಉಳಿಸುವ ಕೆಲಸ. ಇಂಗ್ಲಿಷ್ ಬಲ್ಲವರು ಇದನ್ನು ಫ್ರೆಟ್‌ವರ್ಕ್ ಅನ್ನುತ್ತಾರೆ. ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದವನಿಗೂ ಈ ಕಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಅಂಜಿನಮ್ಮ ಆಗಲೇ ಕೇಳಿಯಾಗಿದೆ.

ಸಂಬಂಧ ಶುರುವಾದದ್ದು ನಮ್ಮೂರ ರೈಲ್ವೆ ಕ್ವಾರ್ಟರ್ಸಿನಲ್ಲಿ. ಒಬ್ಬ ರೈಲ್ವೆ ನೌಕರರ ಮನೆಗೆ ಬೆಲ್ಲದ ಅಚ್ಚು ಕೊಡಲು ಹೋಗಿದ್ದೆ. ಗೋಡೆಯ ಮೇಲೆ ಒಂದು ಪುಟ್ಟ ಸ್ಟ್ಯಾಂಡು, ಅದರ ಕೆಳಗೆ ಆಸರೆಗೆ ಕತ್ತರಿಸಿದ ಮರದ ಬಳ್ಳಿ. ಲೇಪಾಕ್ಷಿಯ ಕಂಬದ ಮೇಲಿನ ಬಳ್ಳಿಯೇ ಕಲ್ಲನ್ನು ಬಿಟ್ಟು ಇಲ್ಲಿಗೆ ಬಂದು ಹಬ್ಬಿದೆಯೇನೋ ಅನ್ನಿಸಿತು. ಸಂಜೆಯ ಬಿಸಿಲಿಗೆ ಅದರ ನೆರಳು ಸುಣ್ಣದ ಗೋಡೆಯ ಮೇಲೆ ಇನ್ನೊಂದು ಬಳ್ಳಿಯಾಗಿ ಬಿದ್ದಿತ್ತು. ನೋಡುತ್ತ ನಿಂತವನು ಬೆಲ್ಲ ಕೊಡುವುದನ್ನೇ ಮರೆತು ಅಚ್ಚುಗಳ ಸಮೇತ ಮನೆಗೆ ವಾಪಸು ಬಂದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಒಂದು ಕೈಗರಗಸ ಕೊಂಡೆ. ಕುದುರೆ ಲಾಳವನ್ನು ಉದ್ದಕ್ಕೆ ಎಳೆದಂಥ ಕಬ್ಬಿಣದ ಚೌಕಟ್ಟು, ಅದರ ಎರಡು ತುದಿಗಳ ನಡುವೆ ಬಿಗಿದು ಕಟ್ಟಿದ ಕೂದಲೆಳೆಯ ಬ್ಲೇಡು. ಕಿರಾಣಿ ಅಂಗಡಿಯಿಂದ ಖಾಲಿ ಟೀ ಪೆಟ್ಟಿಗೆ ತಂದೆ. ಟೀ ಪೆಟ್ಟಿಗೆಯ ಪ್ಲೈವುಡ್ಡಿಗಿಂತ ಒಳ್ಳೆಯ ಹಲಗೆ ನಮ್ಮಂಥವರಿಗೆ ಇನ್ನೊಂದಿಲ್ಲ. ಮೊದಲ ಕೆಲಸವೇ ನವಿಲು. ಬೇರೆಯವರು ಎಲೆಯಿಂದಲೋ ಚುಕ್ಕಿಯಿಂದಲೋ ಶುರುಮಾಡುತ್ತಾರಂತೆ. ಉತ್ಸಾಹಕ್ಕೆ ಅಂಥ ತಾಳ್ಮೆ ಎಲ್ಲಿಂದ ಬರಬೇಕು? ಕುತ್ತಿಗೆಯ ಹತ್ತಿರ ಬ್ಲೇಡು ಟಿಣ್ ಎಂದು ಮುರಿಯಿತು. ಇನ್ನೊಂದು ಹಾಕಿದೆ, ಅದು ಬಾಲದ ಹತ್ತಿರ ಮುರಿಯಿತು. ಕಡೆಗೆ ಕುತ್ತಿಗೆಯೂ ಬಾಲವೂ ಅರ್ಧರ್ಧ ಉಳಿದು ನವಿಲು ಕೈಗೆ ಬಂತು.

ಅಂಜಿನಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೋಳಿ ಚೆನ್ನಾಗೈತೆ ಕಣ್ರೀ. ಕಾವಿಗೆ ಕೂತಂಗೈತೆ" ಅಂದಳು.

ತಪ್ಪು ನನ್ನದಲ್ಲ, ಗರಗಸದ್ದು ಎಂದು ನನಗೆ ಖಚಿತವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬೇಡಿ. ಕೈಗರಗಸದಲ್ಲಿ ಒಂದು ಕೈ ಹಲಗೆ ಹಿಡಿಯಬೇಕು, ಇನ್ನೊಂದು ಕೈ ಗರಗಸ ಆಡಿಸಬೇಕು. ಅದೇ ಕಾಲಲ್ಲಿ ತುಳಿಯುವ ಮೆಷಿನ್ನಾದರೆ ಬ್ಲೇಡು ತಾನೇ ಮೇಲೆ ಕೆಳಗೆ ಓಡುತ್ತಿರುತ್ತದೆ, ಎರಡು ಕೈಗಳೂ ಹಲಗೆಗೇ ಮೀಸಲು. ಇದನ್ನು ನಾನು ಮಂಡಿಯಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ವಿವರಿಸಿದೆ. ನಮ್ಮ ಊರಿನಲ್ಲಿ ಮಾತು ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಮುಗಿಯುತ್ತದೆ. ತೆಲುಗರು ಗರಗಸಕ್ಕೆ ರಂಪ ಅನ್ನುತ್ತಾರೆ. ಕನ್ನಡದ ರಂಪ ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿತ್ತು. ಯಾಕೆಂದರೆ ನಮ್ಮಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ನು ಒಂದಿತ್ತು, ಹೊಲಿಗೆಯದು, ಅಂಜಿನಮ್ಮ ತವರಿನಿಂದ ತಂದದ್ದು. ಸೂಜಿಯ ಜಾಗದಲ್ಲಿ ಬ್ಲೇಡು ಸಿಕ್ಕಿಸಿದರೆ ಹೇಗೆ ಎಂದು ನಾನು ಬಾಯಲ್ಲಿ ಹೇಳಿರಲಿಲ್ಲ, ಸುಮ್ಮನೆ ಅದರ ಸುತ್ತ ಎರಡು ಸುತ್ತು ಹಾಕಿದ್ದೆ. ಅಷ್ಟಕ್ಕೇ ಅವಳು ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ತಾಳಿಯ ಪಕ್ಕದಲ್ಲಿ ಕಟ್ಟಿಕೊಂಡಳು.

ಹೀಗಿರುವಾಗ ಕಂಬದೂರಿನ ಗಂಗಪ್ಪ ಮಂಡಿಗೆ ಬಂದ. ಆ ಕಡೆಯಿಂದ ಹುಣಿಸೇಹಣ್ಣು ತರುವವನು. ಹಣ್ಣಿನ ಜೊತೆಗೆ ಊರೂರಿನ ಸಮಾಚಾರವನ್ನೂ ಹೊತ್ತು ತರುತ್ತಿದ್ದ. ನನ್ನ ವಿವರಣೆಯನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವನೇ.

"ಅಷ್ಟೇ ತಾನೆ ಗುಮಾಸ್ತ್ರೇ? ಕಲ್ಯಾಣದುರ್ಗದಾಗೆ ಡ್ರಾಯಿಂಗ್ ಮೇಷ್ಟ್ರು ತಿಪ್ಪೇಸ್ವಾಮಿ ಅಂತ ಅವ್ರೆ. ಅವ್ರ ಮನೇಲಿ ಕಾಲಾಗೆ ತುಳಿಯೋ ಮೆಷಿನ್ನೇ ಐತೆ. ರಿಟೈರಾಗವ್ರೆ, ಕಣ್ಣು ಬ್ಯಾರೆ ಮಂಜಾಗವೆ. ಇನ್ನೇನ್ ಮಾಡ್ತಾರೆ ಅದ್ನ ಮಡಿಕ್ಕಂಡು? ಕೇಳ್ಕಂಡು ಬತ್ತೀನಿ ಬುಡಿ."

ಮುಂದಿನ ಸಂತೆಗೆ ಬಂದವನೇ, "ಹೇಳ್ಬುಟ್ಟು ಬಂದಿದೀನಿ. ಭಾನುವಾರ ಬರಾಕೇಳವ್ರೆ, ಬೋ ಖುಷಿಯಾಗವ್ರೆ" ಅಂದ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ವಾರ ಮಂಡಿಯ ಲೆಕ್ಕದಲ್ಲಿ ನಾನು ಏನೇನು ಬರೆದೆನೋ ಆ ದೇವರೇ ಬಲ್ಲ.

ಭಾನುವಾರ ಮೂವರು ಹೊರಟೆವು. ಮೆಷಿನ್ನು ಎತ್ತಲು ಆಳು ಬೇಕಲ್ಲ, ಅದಕ್ಕೆ ಬಾಮೈದ ರಂಗ. ಅಂಜಿನಮ್ಮನ ತಮ್ಮ, ಇನ್ನೂ ಮದುವೆಯಾಗಿಲ್ಲ, ನಮ್ಮ ಮನೆಯಲ್ಲೇ ಇದ್ದುಕೊಂಡು ಸೈಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಪರವೂರಿಗೆ ಹೋಗುವುದೆಂದು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ. ಅಂಜಿನಮ್ಮ ಬಂದದ್ದು ಚೌಕಾಶಿಗೆ. "ನಿಮ್ಮೊಬ್ರನ್ನೇ ಕಳಿಸಿದ್ರೆ ಅವ್ರು ಹೇಳಿದಷ್ಟು ಕೊಟ್ಬುಟ್ಟು ಬತ್ತೀರ" ಎಂಬುದು ಅವಳ ವಾದ. ಬರಿಗೈಲಿ ಒಬ್ಬರ ಮನೆಗೆ ಹೋಗಬಾರದೆಂದು ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ, ಎರಡು ಮೊಳ ಮಲ್ಲಿಗೆ ಕಟ್ಟಿಕೊಂಡಳು. ಮೂರು ಜನ ಹೋದರೆ ಕೆಲಸ ಕೆಡುತ್ತದೆಂದು ದಾರಿಯಲ್ಲಿ ಒಂದು ಕಲ್ಲನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು. ಅಲ್ಲಿಗೆ ನಾವು ನಾಲ್ವರಾದೆವು. ನಾನು ಮಾತ್ರ ಕೆಲಸದ ಮನುಷ್ಯ. ಮೆಷಿನ್ನನ್ನು ಸುತ್ತಿ ಬಸ್ಸಿನ ಮೇಲೆ ಹಾಕಲು ಎರಡು ಗೋಣಿಚೀಲ, ಒಂದು ಉದ್ದನೆಯ ಹಗ್ಗ ತೆಗೆದುಕೊಂಡೆ.

ಕಲ್ಯಾಣದುರ್ಗದಲ್ಲಿ ಮೇಷ್ಟರ ಮನೆ ಹುಡುಕುವ ಕಷ್ಟವೇ ಆಗಲಿಲ್ಲ. ಬೀದಿಯ ತಿರುವಿನಲ್ಲೇ ಒಬ್ಬ ಮುದುಕಿ ನಮ್ಮ ಹೂವು ಹಣ್ಣು ನೋಡಿ, "ಪೆಂಡ್ಲಿಚೂಪುಲಕು ಒಚ್ಚಿನಾರು" ಎಂದು ಒಳಗಿನವರಿಗೆ ಕೂಗಿ ಹೇಳಿದಳು. ಯಾರದೋ ಮನೆಗೆ ಹೆಣ್ಣು ನೋಡಲು ಬಂದಿರಬೇಕು, ಒಳ್ಳೆಯ ಶಕುನ ಅಂದುಕೊಂಡೆ. ಮೇಷ್ಟರ ಮನೆಯ ಮುಂದೆ ಸಾರಿಸಿ ದೊಡ್ಡ ರಂಗೋಲಿ. ಒಳಗೆ ಜಮಖಾನ, ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು. ನಮ್ಮ ಹಿಂದೂಪುರದಲ್ಲಿ ಕಲೆ ಎಂದರೆ ಕೋಳಿ ಅನ್ನುತ್ತಾರೆ. ಇಲ್ಲಿ ನೋಡಿದರೆ ಗರಗಸ ಕೊಳ್ಳಲು ಬಂದವನಿಗೆ ಇಷ್ಟು ಮರ್ಯಾದೆ! ಉಪ್ಪಿಟ್ಟು ಬಂತು, ದ್ರಾಕ್ಷಿ ಗೋಡಂಬಿ ಹಾಕಿದ ಕೇಸರಿಬಾತು ಬಂತು. ಎರಡನೇ ಸಲ ಕೇಸರಿಬಾತು ಬಡಿಸಿದಾಗ ಸ್ವಲ್ಪ ಅನುಮಾನವೂ ಬಂತು. ಇಷ್ಟು ಉಪಚಾರ ಮಾಡುವವರು ಬೆಲೆಯನ್ನು ಎಲ್ಲಿಗೆ ಏರಿಸುತ್ತಾರೋ! ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕಾಫಿ ತಂದಳು. ಅಂಜಿನಮ್ಮ ನನ್ನ ಪಕ್ಕೆ ತಿವಿದಳು. ಬೆಲೆಯ ಮಾತು ಶುರುಮಾಡಲು ಸೂಚನೆ ಕೊಟ್ಟಳೆಂದು ತಿಳಿದು ನಾನು ಗಂಟಲು ಸರಿಮಾಡಿಕೊಂಡೆ.

"ಮೇಷ್ಟ್ರೇ, ಉಪಚಾರ ಎಲ್ಲ ಆಯ್ತು. ಇನ್ನು ತಡ ಯಾಕೆ? ತೋರಿಸಿಬಿಟ್ರೆ ಕಟ್ಕೊಂಡು ಹೊರಡ್ತೀವಿ. ಗೋಣಿ, ಹಗ್ಗ ಎಲ್ಲ ತಂದಿದೀವಿ."

ಸಾಲಾಗಿ ನಿಂತ ಹೆಂಗಸರೆಲ್ಲ ಒಟ್ಟಿಗೆ ಬಾಯಿಗೆ ಸೆರಗು ಹಿಡಿದರು. ಮೇಷ್ಟರು ಎದ್ದು ನಿಂತುಬಿಟ್ಟರು. "ಗೋಣಿ ಹಗ್ಗ ಯಾತಕ್ಕಪ್ಪಾ?"

"ಗರಗಸದ ಮೆಷಿನ್ನಿಗೆ."

"ಗರಗಸಾನಾ? ಹುಡುಗನ್ನ ಕರ್ಕಂಡು ಪದ್ಮನ್ನ ನೋಡಾಕೆ ಬತ್ತಾರೆ ಅಂದ್ನಲ್ಲಪ್ಪ ಆ ಗಂಗಪ್ಪ!"

ಆದದ್ದು ಇಷ್ಟೇ. ಮಗಳಿಗೆ ಗಂಡು ನೋಡೆಂದು ಮೇಷ್ಟರು ಗಂಗಪ್ಪನಿಗೆ ಹೇಳಿದ್ದರು. ಗರಗಸ ನೋಡೆಂದು ನಾನು ಹೇಳಿದ್ದೆ. ಹುಣಿಸೇಹಣ್ಣಿನ ಮೂಟೆಗಳ ನಡುವೆ ಎರಡೂ ಒಂದೇ ತಲೆಯಲ್ಲಿ ಸೇರಿ ಒಂದೇ ಸಮಾಚಾರವಾಗಿತ್ತು. ಅಂಜಿನಮ್ಮನಿಗೆ ರಂಗೋಲಿ ನೋಡಿದಾಗಲೇ ಗೊತ್ತಾಗಿತ್ತಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸ್ಥಿತಿಯಲ್ಲೂ ನನ್ನ ಬಾಯಿಂದ ಬಂದದ್ದು, "ಹಾಗಾದ್ರೆ ಮೆಷಿನ್ನು ಕೊಡೋದಿಲ್ವಾ?" ಎಂಬ ಮಾತೇ.

ಆಗ ಕಾಫಿಯ ತಟ್ಟೆಯನ್ನು ಕೆಳಗಿಟ್ಟು ಪದ್ಮ ಬಾಯಿ ಬಿಟ್ಟಳು. "ಅದು ಅಪ್ಪಂದಲ್ಲ, ನಂದು. ಕೊಡಾಕಾಗಲ್ಲ. ನೋಡಾಕೆ ಬಂದಿದೀರ, ನೋಡ್ಕಂಡೋಗ್ರಿ."

ಹಿತ್ತಿಲ ಪಡಸಾಲೆಯಲ್ಲಿತ್ತು ಅದು. ಎರಕದ ಕಬ್ಬಿಣದ ಕಾಲು, ದೊಡ್ಡ ಚಕ್ರ, ಮೇಲೆ ಪುಟ್ಟ ಮೇಜು, ಮೇಜಿನ ನಡುವಿನ ತೂತಿನಿಂದ ಎದ್ದು ನಿಂತ ಒಂದೇ ಒಂದು ಬ್ಲೇಡು. ಅಯ್ಯೋ, ಏನು ಹೇಳಲಿ! ಪದ್ಮ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತು ತುಳಿದಳು. ಹಲಗೆ ಅವಳ ಬೆರಳ ಕೆಳಗೆ ತಾನಾಗಿಯೇ ತಿರುಗಿತು. ಮರದ ಹಿಟ್ಟು ಸಣ್ಣಗೆ ಉದುರಿತು. ಕೊಕ್ಕು, ಕಣ್ಣು, ರೆಕ್ಕೆಯ ಒಂದೊಂದು ಗರಿ. ನಾವು ನೋಡನೋಡುತ್ತಿರುವಾಗಲೇ ಗಿಳಿಯೊಂದು ಟೀ ಪೆಟ್ಟಿಗೆಯಿಂದ ಎದ್ದು ಬಂತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. "ನೀವೂ ಕೂತ್ಕಳಿ" ಅಂದಳು. ಕೂತೆ. ಜನ್ಮ ಸಾರ್ಥಕವಾಯಿತೆಂದು ತುಳಿದೆ. ಟಿಣ್!

"ಹಲಗೇನ ತಳ್ಳಬ್ಯಾಡ್ರಿ, ತಿರುಗಿಸ್ರಿ. ಎತ್ತಿನ ಗಾಡಿ ಹೊಡ್ದಂಗೆ ಹೊಡೀತೀರಲ್ಲ" ಅಂದಳು.

ರಂಗ ಮುಂದೆ ಬಂದ. ಬಗ್ಗಿ ಚಕ್ರದ ಹತ್ತಿರ ಕಿವಿಯಿಟ್ಟು, "ಕಿರ್ ಅಂತೈತಲ್ಲ, ಎಣ್ಣೆ ಐತಾ?" ಅಂದ. ಪದ್ಮ ಎಣ್ಣೆ ತಂದಳು. ಬಿಳಿ ಷರಟಿಗೆ ಮಸಿ ಮೆತ್ತಿಕೊಂಡು ಅವನು ಅದೇನೋ ಸಡಿಲಿಸಿ ಬಿಗಿದ. ಕಿರ್ ಅನ್ನುವುದು ನಿಂತುಹೋಯಿತು. "ಬೆರಳು ಯಾವತ್ತೂ ಕುಯ್ಕಂಡಿಲ್ವಾ?" ಎಂದು ಕೇಳಿದ. ಅವಳು ಹೆಬ್ಬೆರಳಿನ ಮೇಲಿನ ಕಲೆ ತೋರಿಸಿ ನಕ್ಕಳು. ನಾನು ಮುರಿದ ಬ್ಲೇಡನ್ನು ಕೆಳಗಿಟ್ಟು, ಕೈಗೆ ಸಿಕ್ಕ ಗಿಳಿಯನ್ನು ಹಿಡಿದುಕೊಂಡು ಮೆಷಿನ್ನಿನ ಮುಖವನ್ನೇ ನೋಡುತ್ತ ಕೂತಿದ್ದೆ.

ವಾಪಸು ಬರುವಾಗ ಗೋಣಿಚೀಲ ಖಾಲಿ, ಮುಖವೂ ಖಾಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ದಾರಿಯುದ್ದಕ್ಕೂ ಹಲುಬಿದೆ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಲು ಇಳಿದಾಗ ರಂಗ ಮೆಲ್ಲಗೆ, "ಭಾವ, ಆ ಮೆಷಿನ್ನು ನಮ್ಮನೆಗೆ ಬಂದ್ರೆ ಎಲ್ಲಿಕ್ಕಬೋದು?" ಅಂದ.

"ಅದು ಹೆಂಗೋ ಬತ್ತದೆ? ಅವಳು ಕೊಡಲ್ಲ ಅಂದಳಲ್ಲ."

"ಅವ್ಳೇ ಬಂದ್ರೆ?"

ಬಸ್ಟಾಂಡಿನಲ್ಲಿ ನಿಂತಿದ್ದವನು ಕುಣಿಯುವುದೊಂದು ಬಾಕಿ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಗಾದೆ ಇದೆ. ಹುಚ್ಚು ಒಬ್ಬನದು, ಮದುವೆ ಇನ್ನೊಬ್ಬನದು ಆಗಬಹುದೆಂದು ಗಾದೆ ಕಟ್ಟಿದವರಿಗೂ ಹೊಳೆದಿರಲಾರದು. ಆವತ್ತಿನಿಂದ ನನ್ನಂಥ ಮದುವೆಯ ದಲ್ಲಾಳಿ ಅನಂತಪುರ ಜಿಲ್ಲೆಯಲ್ಲೇ ಇರಲಿಲ್ಲ. ಅವರು ನಮ್ಮವರೇ ಎಂದು ಅಂಜಿನಮ್ಮ ಆಗಲೇ ಬೇರು ಬುಡ ವಿಚಾರಿಸಿ ಇಟ್ಟಿದ್ದಳು. ಆದರೂ ನನ್ನ ಭಾಷಣ ಪೂರ್ತಿ ಕೇಳಿ, "ನೀವು ಹೇಳಿದ ಮ್ಯಾಲೆ ಇನ್ನೇನೈತೆ" ಎಂದು ನನಗೇ ಕೀರ್ತಿ ಕೊಟ್ಟಳು. ಮಾತುಕತೆಯ ದಿನ ನೆಂಟರೆದುರು ನಾನು ಎದ್ದು ನಿಂತು, "ನಮಗೆ ವರದಕ್ಷಿಣೆ ಬೇಡ, ವಾಚು ಬೇಡ, ಸೂಟು ಬೇಡ. ಹುಡುಗಿಯ ಜೊತೆ ಅವಳ ಮೆಷಿನ್ನು ಬಂದರೆ ಸಾಕು" ಅಂದೆ. ಮೇಷ್ಟರು ಕಣ್ಣೊರೆಸಿಕೊಂಡರು. ಹುಡುಗಿಯ ವಿದ್ಯೆಗೆ ಇಷ್ಟು ಬೆಲೆ ಕೊಡುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ನನ್ನನ್ನು ಎಲ್ಲರೂ ಹೊಗಳಿದರು. ಹೊಗಳಿಕೆಯನ್ನು ಬೇಡ ಅನ್ನುವುದು ಸಭೆಗೆ ಅಗೌರವವೆಂದು ಸುಮ್ಮನಿದ್ದೆ.

ಪದ್ಮ ಬಾಗಿಲ ಮರೆಯಿಂದ, "ಮೆಷಿನ್ನು ಬತ್ತದೆ. ನನ್ನ ಕೇಳ್ದೆ ಯಾರೂ ಮುಟ್ಟಂಗಿಲ್ಲ" ಅಂದಳು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನು. ಯಾರೂ ಎಂಬುದರಲ್ಲಿ ನಾನು ಸೇರುತ್ತೇನೆಂದು ನನಗೆ ಹೇಗೆ ಗೊತ್ತಾಗಬೇಕು?

ಮದುವೆಯಾಯಿತು. ಗಾಡಿಯಿಂದ ಮದುಮಕ್ಕಳನ್ನು ಯಾರು ಇಳಿಸಿಕೊಂಡರೋ ನನಗೆ ಗೊತ್ತಿಲ್ಲ, ಮೆಷಿನ್ನನ್ನು ನಾನು ಇಳಿಸಿಕೊಂಡೆ. ಬೆಳಕು ಚೆನ್ನಾಗಿ ಬೀಳುವ ಜಗಲಿಯ ಮೂಲೆಯಲ್ಲಿ ಇಟ್ಟು, ಪಕ್ಕದಲ್ಲಿ ಟೀ ಪೆಟ್ಟಿಗೆಗಳನ್ನು ಒಟ್ಟಿದೆ. ನಾನು ಕೇಳಿದ ಮೊದಲ ದಿನವೇ ಪದ್ಮ ನನ್ನನ್ನು ಕೂರಿಸಿದಳು, ಒಲ್ಲೆ ಅನ್ನಲಿಲ್ಲ. ಮದರಾಸಿನಿಂದ ತರಿಸಿದ ಬ್ಲೇಡಿನ ಕಟ್ಟು ಅರ್ಧವಾಗುವವರೆಗೆ ತಡೆದುಕೊಂಡಳು. ಆಮೇಲೆ ಬಹಳ ಮರ್ಯಾದೆಯಿಂದ, "ಅಣ್ಣಯ್ಯ, ನೀವು ಇಲ್ಲಿ ಕೂತ್ಕಳಿ" ಎಂದು ಕಿಟಕಿಯ ಕೆಳಗೆ ಒಂದು ಮಣೆ ಹಾಕಿ, ಕೈಗೆ ಒಂದು ತುಂಡು ಉಪ್ಪುಕಾಗದ ಕೊಟ್ಟಳು. ಅವಳು ಕತ್ತರಿಸಿದ್ದರ ಒರಟು ಅಂಚನ್ನು ನಾನು ತಿಕ್ಕಿ ನುಣುಪು ಮಾಡಬೇಕು. ಆ ಮಣೆ ಇವತ್ತಿಗೂ ಅಲ್ಲೇ ಇದೆ, ಅದರ ಮೇಲೆ ನಾನೂ ಇದ್ದೇನೆ. ಊರಿನ ಅರ್ಧ ಮನೆಗಳಲ್ಲಿ ಪದ್ಮನ ಬಳ್ಳಿ ಹಬ್ಬಿದೆ. ಯಾವ ಗರಗಸ ಕೊಳ್ಳುವುದು ಒಳ್ಳೆಯದೆಂದು ಕೇಳಲು ಬಂದವರಿಗೆ ನಾನು ಮೊದಲಿನಂತೆಯೇ ಉತ್ಸಾಹದಿಂದ ವಿವರಿಸುತ್ತೇನೆ, ಕೈ ಮಾತ್ರ ತಿಕ್ಕುತ್ತಲೇ ಇರುತ್ತದೆ.

ಮೊನ್ನೆ ಏನೋ ಮಾತಿಗೆ ಮಾತು ಬಂದು ಪದ್ಮನನ್ನು ಕೇಳಿದೆ, "ಅಲ್ಲಮ್ಮ, ಗೋಣಿ ಹಗ್ಗ ತಂದೋರ ಮನೆಗೆ ಅಷ್ಟು ಸಲೀಸಾಗಿ ಹೆಂಗೆ ಒಪ್ಪಿದೆ? ರಂಗ ಎಣ್ಣೆ ಬಿಟ್ಟನಲ್ಲ, ಅದಕ್ಕಾ?"

ಅವಳು ತುಳಿಯುವುದನ್ನು ನಿಲ್ಲಿಸಿ ನಕ್ಕಳು. "ಅವ್ರನ್ನ ನೋಡಿದ್ದೂ ಸರಿ ಅನ್ನಿ. ಆದ್ರೆ ಅಣ್ಣಯ್ಯ, ಮೊದ್ಲು ತಿಕ್ಕೋ ಕೆಲ್ಸ ನಮ್ಮಪ್ಪಂದು. ಕಣ್ಣು ಮಂಜಾದ ಮ್ಯಾಲೆ ಅವ್ರ ಕೈಲಾಗ್ತಿರ್ಲಿಲ್ಲ. ನಂಗೆ ಅದು ಕಂಡ್ರಾಗಲ್ಲ. ನೀವು ಆವತ್ತು ಬ್ಲೇಡು ಮುರುದ್ಬುಟ್ಟು, ಬ್ಯಾಸರಾಗೆ ಆ ಗಿಳಿ ತಗಂಡು, ಪಂಚೆ ಅಂಚಿನಾಗೆ ಎಷ್ಟೊತ್ತು ತಿಕ್ತಾ ಕೂತಿದ್ರಿ ಗೊತ್ತಾ? ಆಗ್ಲೇ ಅಮ್ಮಂಗೆ ಹೇಳ್ದೆ, ಈ ಮನೆ ಆಗ್ಬೋದು ಅಂತ."

ಅಂದರೆ ಆ ಭಾನುವಾರ ಕಲ್ಯಾಣದುರ್ಗದ ಪಡಸಾಲೆಯಲ್ಲಿ ಇಸ್ತ್ರಿ ಷರಟು ಹಾಕಿದ್ದವನು ರಂಗನಾದರೂ ಪರೀಕ್ಷೆಗೆ ಕೂತು ಪಾಸಾದವನು ನಾನು. ಸುಳ್ಳೇಕೆ, ನನಗೆ ಸಣ್ಣದೊಂದು ಹೆಮ್ಮೆಯೂ ಆಯಿತು. ಅದನ್ನು ತೋರಿಸಿಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪದ್ಮ ಇನ್ನೊಂದು ನವಿಲನ್ನು ನನ್ನ ಮಡಿಲಿಗೆ ಹಾಕಿ, "ಕುತ್ತಿಗೆ ಹತ್ರ ಹುಷಾರು ಅಣ್ಣಯ್ಯ, ತೆಳ್ಳಗೈತೆ" ಅಂದಳು. ಹೊಸ ಉಪ್ಪುಕಾಗದ ಕೊಡು ಎಂದು ಕೈ ಚಾಚಿದೆ.