ಬೋರಲು ಮಲಗಿದ ವಾಚು

ಚಿಮುಟದಲ್ಲಿ ಹಿಡಿದ ವಾಚಿನ ಯಂತ್ರವನ್ನು ಮಗುಚಿದ್ದೇ ತಡ, ಗುಮಾಸ್ತ ಕಿಟಾರನೆ ಕಿರುಚಿಕೊಂಡ. ಬಿಳಿ ಡಯಲು ಇರಬೇಕಾದ ಜಾಗದಲ್ಲಿ ಮೀಸೆ ಹೊತ್ತ ಮುಖವೊಂದು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಎರಡೂ ಮುಳ್ಳುಗಳು ಅದರ ಮೂಗಿನಿಂದಲೇ ಹೊರಟಿದ್ದವು. ಚಿಮುಟ ಜಾರಿತು, ಆ ಮುಖದ ಎಡಗಣ್ಣಿನಿಂದ ಗಲ್ಲದವರೆಗೆ ಗೀರು ಬಿತ್ತು.

ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಏನ್ರೀ, ಹಾವು ಕಂಡ್ರಾ?"

"ಹಾವಾಗಿದ್ರೆ ಹೊಡೀಬಹುದಿತ್ತು. ಅಧ್ಯಕ್ಷರು ಕಣೇ!"

ಅವಳ ಕೈಯಿಂದ ಸೌಟು ಬಿತ್ತು.

ಅಗ್ಗದ ಕೀಲಿ ವಾಚು ಕೊಂಡು, ಡಯಲು ಮುಳ್ಳು ಬದಲಿಸಿ, ಅದಕ್ಕೆ ಹೊಸ ವೇಷ ತೊಡಿಸುವುದು ಗುಮಾಸ್ತನ ಹುಚ್ಚು. ಈ ರಜೆಯ ದಿನ ಹಸಿರು ಗಿಣಿಯ ಚಿತ್ರವಿದ್ದ ಡಯಲಿನ ಸರದಿ. ಬೆನ್ನು ಬಿಚ್ಚಲು ಸುಲಭವಾಗಲಿ ಎಂದು ತನ್ನ ವಾಚನ್ನು ಬೆಳಿಗ್ಗೆಯೇ ಕಪಾಟಿನ ಮೇಲೆ ಬೋರಲಾಗಿ ಇಟ್ಟಿದ್ದ. ಆದರೆ ಮಾವನೂ ತಮ್ಮ ವಾಚನ್ನು ಅದೇ ಕಪಾಟಿನ ಮೇಲೆ, ಯಾವಾಗಲೂ ಬೋರಲಾಗಿಯೇ ಇಡುತ್ತಿದ್ದರು. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಾಜಿನ ಮೇಲೆ ಧೂಳು ಕೂರದಿರಲಿ ಅಂತಿರಬೇಕು ಎಂದುಕೊಂಡಿದ್ದರು. ಮೇಷ್ಟ್ರಾಗಿದ್ದ ಮಾವ ನಿವೃತ್ತರಾದ ದಿನ ಶಾಲೆಯ ಅಧ್ಯಕ್ಷರು ತಮ್ಮದೇ ಮುಖ ಅಚ್ಚು ಹಾಕಿಸಿ ಕೊಟ್ಟ ಉಡುಗೊರೆ ಅದು. ಅಧ್ಯಕ್ಷರೂ ಗುಮಾಸ್ತನಂತೆಯೇ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದ್ದರು. ಬೆನ್ನಿನ ಕಡೆಯಿಂದ ಎರಡೂ ಅವಳಿ ಜವಳಿ. ಗುಮಾಸ್ತ ಎತ್ತಿಕೊಂಡು ಬಿಚ್ಚಿದ್ದು ಮಾವನದನ್ನು.

ಗುಮಾಸ್ತ ಅದೇ ಶಾಲೆಯ ಆಫೀಸಿನಲ್ಲಿ ಹಂಗಾಮಿ ನೌಕರ. ಸಂಜೆ ಶಾಲೆಯಲ್ಲಿ ಸಭೆ. ಮಾವನನ್ನು ಕರೆದೊಯ್ಯಲು ಅಧ್ಯಕ್ಷರ ಕಾರೇ ಬರುವುದಿತ್ತು. ಸಭೆಯಲ್ಲಿ ಅಧ್ಯಕ್ಷರ ಪಕ್ಕ ಕೂತು, ಅಳಿಯನ ಕೆಲಸ ಕಾಯಂ ಮಾಡಿಕೊಡಿ ಎಂದು ಮಾವ ಒಂದು ಮಾತು ಹೇಳುವವರಿದ್ದರು. ಅಧ್ಯಕ್ಷರೋ, ಕೈ ಕುಲುಕುವ ನೆಪದಲ್ಲಿ, ತಾವು ಕೊಟ್ಟ ವಾಚು ಕಟ್ಟಿದ್ದಾರೋ ಇಲ್ಲವೋ ಎಂದು ಹಳೇ ಮೇಷ್ಟ್ರುಗಳ ಮಣಿಕಟ್ಟನ್ನು ತಪಾಸಣೆ ಮಾಡುವ ಆಸಾಮಿ. ಸದ್ಯ ಮಾವ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಕಿರುಚಾಟ ಕೇಳಿ ಕೆಳಮನೆಯ ಬೋರ್ಡ್ ಪೇಂಟರ್ ಬಂದ, ಅವನ ಹಿಂದೆಯೇ ಮಹಡಿ ಆಂಟಿ.

"ಇಷ್ಟೇನಾ?" ಅಂದ ಪೇಂಟರ್. "ನಾನು ಲಾರಿ ಮೇಲೆ ಹುಲಿ ಬರ್ದೋನು ಸ್ವಾಮಿ. ಒಂದು ಕಣ್ಣು ಯಾವ ಲೆಕ್ಕ?"

ಗುಮಾಸ್ತ ಉಸಿರು ಬಿಗಿಹಿಡಿದು, ಮುಳ್ಳು ಕಿತ್ತು, ಡಯಲನ್ನು ಬಿಡಿಸಿ ಕೊಟ್ಟ. ಪೇಂಟರ್ ನಾಲಿಗೆ ಕಚ್ಚಿಕೊಂಡು ಬಣ್ಣ ಹಚ್ಚಿದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಎಡಗಣ್ಣು ಹುಲಿಯದಾಯಿತು. ಅದಕ್ಕೆ ಜೋಡಿಯಾಗಲೆಂದು ಬಲಗಣ್ಣನ್ನೂ ತಿದ್ದಿದ. ಅಧ್ಯಕ್ಷರು ಈಗ ಯಾರನ್ನೋ ಹರಿದು ತಿನ್ನಲು ಹೊಂಚುತ್ತಿದ್ದರು.

"ಅಯ್ಯೋ, ಈ ಮುಖ ನೋಡಿದ್ರೆ ಮಕ್ಕಳು ಚಳಿಜ್ವರ ಬಂದು ಮಲಗ್ತಾವೆ!" ಎಂದು ಮಹಡಿ ಆಂಟಿ ಬೆಚ್ಚಿಬಿದ್ದರು. "ತಡಿ, ನನ್ನ ಹತ್ರ ಉಗುರುಬಣ್ಣ ತೆಗೆಯೋ ನೀರಿದೆ. ಮೇಲಿನ ಬಣ್ಣ ಮಾತ್ರ ಹೋಗುತ್ತೆ."

"ಆಂಟಿ, ಬೇಡ..."

ಆಂಟಿ ಆಗಲೇ ಮಹಡಿಗೆ ಓಡಿ ಸೀಸೆ, ಹತ್ತಿ ತಂದು ಉಜ್ಜತೊಡಗಿದ್ದರು. ಮೊದಲು ಹುಲಿಗಣ್ಣು ಹೋಯಿತು. ಆಮೇಲೆ ಮೀಸೆ. ಆಂಟಿ ಗಾಬರಿಯಲ್ಲಿ ಇನ್ನೂ ಜೋರಾಗಿ ಉಜ್ಜಿದರು. ಅಧ್ಯಕ್ಷರು ಪೂರ್ತಿಯಾಗಿ ಹತ್ತಿಗೆ ವರ್ಗವಾದರು. ಉಜ್ಜಿದ ರಭಸಕ್ಕೆ ತಗಡು ಬಾಗಿ, ಅದನ್ನು ಯಂತ್ರಕ್ಕೆ ಹಿಡಿದಿಡುವ ಎರಡು ಪುಟ್ಟ ಕಾಲುಗಳೂ ಮುರಿದವು.

ನಾಲ್ವರೂ ಸಿಡಿಲು ಬಡಿದವರಂತೆ ನಿಂತರು.

"ಪಾಪ, ಮೂಗು ಚೆನ್ನಾಗಿತ್ತು," ಅಂದರು ಆಂಟಿ.

ಒಳಕೋಣೆಯ ಗೊರಕೆ ನಿಂತಿತು. "ಅಳಿಯಂದ್ರೇ, ನನ್ನ ವಾಚು ಕಂಡ್ರಾ? ಕಾರು ಬರೋ ಹೊತ್ತಾಯ್ತು."

"ಬಂ... ಬಂತು ಮಾವ!"

ಪೇಂಟರ್ ಮತ್ತು ಆಂಟಿ ಬಾಗಿಲ ಕಡೆ ಸರಿದರು. ಆದರೆ ಪೂರ್ತಿ ಹೋಗಲಿಲ್ಲ, ಮುಂದೇನಾಗುತ್ತದೋ ನೋಡಬೇಕಲ್ಲ. ಮೇಜಿನ ಮೇಲೆ ಸರಿಯಾಗಿದ್ದ ಡಯಲು ಒಂದೇ: ಗಿಣಿ. ಗುಮಾಸ್ತ ಅದನ್ನೇ ಕೂರಿಸಿ, ಮುಳ್ಳು ಒತ್ತಿ, ಬೆನ್ನು ಮುಚ್ಚಿ, ವಾಚನ್ನು ಬೋರಲಾಗಿಯೇ ಮಾವನ ಕೈಗಿಟ್ಟ.

ಮಾವ ಅಭ್ಯಾಸದಂತೆ ಮುಖ ತಿರುಗಿಸಿಕೊಂಡೇ ಬೆಲ್ಟು ಬಿಗಿದರು. ಆಮೇಲೆ, ವಿಧಿಯಿಲ್ಲದೆ ಹೊತ್ತು ನೋಡುವವರ ಹಾಗೆ, ಅರೆಗಣ್ಣಲ್ಲಿ ಮಣಿಕಟ್ಟು ನೋಡಿದರು. ಎರಡೂ ಕಣ್ಣು ಅಗಲವಾದವು. ಕುರ್ಚಿಯ ಮೇಲೆ ಕುಸಿದರು.

"ಅಪ್ಪಾ!" ಮಗಳು ನೀರು ತಂದಳು.

"ಅವರೆಲ್ಲಿ?" ಅಂದರು ಮಾವ ಪಿಸುದನಿಯಲ್ಲಿ.

ಗುಮಾಸ್ತ ಹತ್ತಿಯ ಉಂಡೆ ತೋರಿಸಿದ. "ತಪ್ಪಾಯ್ತು ಮಾವ. ಕೈತಪ್ಪಿ..."

ಮಾವ ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಪೂರ್ತಿ ಹೋದ್ರಾ?"

"ಪೂರ್ತಿ."

"ಆಯುಷ್ಯವೆಲ್ಲ ಆ ಮುಖದ ಕೈಕೆಳಗೆ ಕಳೆದೆ. ಬಿಡುಗಡೆ ಆಯ್ತು ಅಂದ್ಕೊಂಡ್ರೆ ಮೈಗೇ ಕಟ್ಟಿ ಕಳಿಸಿದ್ರು. ಊಟದ ಹೊತ್ತು ನೋಡಿದ್ರೂ ಅದೇ ಮೀಸೆ. ಬೋರಲು ಹಾಕದೆ ನಿದ್ದೆ ಬರ್ತಿರಲಿಲ್ಲ." ಅವರು ಗಿಣಿಯನ್ನು ಕಿವಿಗೆ ಹಿಡಿದರು. "ಇದು ಮಾತಾಡಲ್ಲ ತಾನೆ?"

"ಇಲ್ಲ ಮಾವ. ಟಿಕ್ ಟಿಕ್ ಅನ್ನುತ್ತೆ, ಅಷ್ಟೇ."

"ಅವರಿಗಿಂತ ವಾಸಿ."

ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತಿದ್ದ ಗುಮಾಸ್ತ ಬಾಯಿ ಬಿಟ್ಟುಕೊಂಡು ನಿಂತ. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಅಧ್ಯಕ್ಷರ ಡ್ರೈವರ್ ದೊಡ್ಡ ಡಬ್ಬವೊಂದನ್ನು ಅಪ್ಪಿಕೊಂಡು ಒಳಗೆ ಬಂದ.

"ಮೇಷ್ಟ್ರೇ, ಕಾರು ತಂದಿದೀನಿ. ಈ ಸಲದ ಉಡುಗೊರೇನೂ ಇಲ್ಲೇ ಕೊಡು ಅಂದ್ರು. ಸಭೇಲಿ ನೀವೇ ಎತ್ತಿ ತೋರಿಸ್ಬೇಕಂತೆ."

ಮುಚ್ಚಳ ತೆರೆಯಿತು. ಒಳಗೆ ಗೋಡೆ ಗಡಿಯಾರ, ಒನಕೆಯಂಥ ಮುಳ್ಳುಗಳು, ತಟ್ಟೆಯಗಲದ ಅಧ್ಯಕ್ಷರು. ಈ ಸಲ ನಗುತ್ತಿದ್ದರು. ಆಂಟಿ ಚೀರಿದರು.

ಗುಮಾಸ್ತನ ಮುಖ ಮಾತ್ರ ಅರಳಿತು. ಮುಳುಗುವವನಿಗೆ ದೋಣಿಯೇ ಸಿಕ್ಕಿತ್ತು. "ಮಾವ, ದೇವರು ದೊಡ್ಡವನು! ಇದನ್ನ ಎತ್ತಿ ಹಿಡೀರಿ, ಮಣಿಕಟ್ಟು ಯಾರು ನೋಡ್ತಾರೆ? ಹಾಗೇ ನನ್ನ ಕಾಯಂ ವಿಷಯ ಒಂದ್ ಮಾತು..."

ಮಾವ ಗಡಿಯಾರವನ್ನು ನೋಡಿದರು. ಗಿಣಿಯನ್ನು ನೋಡಿದರು. ಅಳಿಯನನ್ನೂ ಒಮ್ಮೆ ನೋಡಿದರು, ಅಯ್ಯೋ ಪಾಪ ಅನ್ನುವಂತೆ. ಆಮೇಲೆ ಡಬ್ಬದ ಮುಚ್ಚಳವನ್ನು ತಾವೇ ಹಾಕಿ ಡ್ರೈವರ್‌ನ ಎದೆಗೆ ಒತ್ತಿದರು.

"ಬೇಡ," ಅಂದರು. "ಇದೂ ಬೇಡ, ನಿನ್ನ ಕಾರೂ ಬೇಡ. ನಾನು ಬರಲ್ಲ."