ಗಾಳಿಯಲ್ಲಿ ಬಂದ ಖಾರಾ ಅಂಗಡಿ

ಮುಂಜಾನೆಯೇ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ನೆಟ್ಟೂ ಹೋಯಿತು. ಬಸವಣ್ಣೆಪ್ಪನ ಸಿಟ್ಟು ಮಾತ್ರ ಎಲ್ಲೂ ಹೋಗದೆ, ಅಂಗಡಿಯ ಗಾದಿಯ ಮೇಲೆ ಅವನ ಪಕ್ಕದಲ್ಲೇ ಚಕ್ಕಳಬಕ್ಕಳ ಹಾಕಿಕೊಂಡು ಕುಳಿತಿತ್ತು.

ಸವಣೂರಿನ ಬಜಾರಿನಲ್ಲಿ ಅವನದು ಕಡಲೆಹಿಟ್ಟಿನ ಕುರುಕಲು ಖಾರಾ ಕರಿದು ಮಾರುವ ಅಂಗಡಿ. ಅಪ್ಪ ಇಟ್ಟದ್ದು. ಎದುರಿಗೆ ಮೃತ್ಯುಂಜಯನ ಅಂಗಡಿ, ಅದೂ ಖಾರದ್ದೇ, ಆದರೆ ನಿನ್ನೆ ಮೊನ್ನೆಯದು. ಆ ಮೃತ್ಯುಂಜಯ ಹೋದ ದೀಪಾವಳಿಗೆ ‘ಇದೇ ಅಸಲಿ ಸವಣೂರ ಖಾರಾ’ ಎಂದು ಆಳೆತ್ತರದ ಬೋರ್ಡು ಬರೆಸಿ ನೇತುಹಾಕಿದಂದಿನಿಂದ ಬಸವಣ್ಣೆಪ್ಪನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ದಿನಾ ಬಾಗಿಲು ತೆರೆದರೆ ಕಣ್ಣಿಗೆ ಬೀಳುವುದು ಅದೇ ‘ಅಸಲಿ’.

ಈಚೆಗೆ ಊರೂರು ಸುತ್ತುವ ಒಂದು ಟೀವಿ ಕಾರ್ಯಕ್ರಮದವರು ಬಂದು ಎರಡೂ ಅಂಗಡಿಯ ಖಾರಾ ತಿಂದು, ನೀರು ಕುಡಿದು, ಕಡಾಯಿಗಳ ಚಿತ್ರ ತೆಗೆದುಕೊಂಡು ಹೋಗಿದ್ದರು. “ಸವಣೂರಿನಿಂದ ಒಂದೇ ಅಂಗಡಿ ತೋರಿಸ್ತೀವಿ. ಗುರುವಾರ ಸಂಜೆ ನೋಡಿ” ಎಂದಿದ್ದರೇ ಹೊರತು ಯಾವುದೆಂದು ಬಾಯಿ ಬಿಟ್ಟಿರಲಿಲ್ಲ. ಟೀವಿಯಲ್ಲಿ ಬಂದದ್ದೇ ಅಸಲಿ ಎಂದು ನಾಲ್ಕೂ ತಾಲೂಕು ನಂಬುವುದು ಖಂಡಿತ. ಹೆಂಡತಿ ಶಿವಬಸವ್ವ ತವರಿನಲ್ಲಿ ತೊಟ್ಟಿಲ ಕಾರ್ಯವೆಂದು ಹಂಸಭಾವಿಗೆ ಹೋಗಿದ್ದಳು. ಅಲ್ಲಿ ಬೀಗರೆಲ್ಲ ಸಂಜೆಗೆ ಟೀವಿ ಮುಂದೆ ಜಮಖಾನೆ ಹಾಸಿ ಕೂಡುವವರಿದ್ದರು. ಇಂದೇ ಗುರುವಾರ. ಇಂದೇ ಕರೆಂಟಿಲ್ಲ.

“ಲೈನ್ ರಿಪೇರಿಗೆ ಇವತ್ತ ಸಿಕ್ಕಿತ್ತೇನು ಇವರಿಗೆ?” ಎಂದು ಗುಡುಗುತ್ತ ಅವನು ಗಾದಿಯ ಕೆಳಗಿನಿಂದ ಹೊಸ ಫೋನು ತೆಗೆದ. ಹೆಂಡತಿಯ ತಮ್ಮ ಶರಣು ಕೊಟ್ಟದ್ದು. “ಮಾಮಾ, ಇದಕ್ಕ ನೆಟ್ ಬ್ಯಾಡ, ಸಿಮ್ ಬ್ಯಾಡ, ರೀಚಾರ್ಜ್ ಬ್ಯಾಡ. ಟೀವಿ ಸೀದಾ ಗಾಳ್ಯಾಗ ಬರ್ತೇತಿ, ರೇಡಿಯೋ ಬಂದಂಗ. ನಮ್ಮ ಕಡೀಗೂ ಪ್ರಯೋಗಕ್ಕ ಬಿಟ್ಟಾರ” ಎಂದು ಹೇಳಿ ಹೋಗಿದ್ದ. ಬಸವಣ್ಣೆಪ್ಪ ಅದರ ನೆತ್ತಿಯ ಸಣ್ಣ ಕಡ್ಡಿಯನ್ನು ಎಳೆದ. ಫೋನು ಒಮ್ಮೆ ಗೊರಗೊರ ಎಂದಿತು. ಆಮೇಲೆ ಯಾರೋ ಹೆಣ್ಣುಮಗಳು ಬದನೇಕಾಯಿ ಎಣಗಾಯಿ ಮಾಡುವ ಬಗೆಯನ್ನು ಇಡೀ ಬಜಾರಿಗೆ ಕೇಳುವಂತೆ ಸಾರಿದಳು.

ಅದೇ ತಪ್ಪಾಯಿತು.

ಮೊದಲು ಬಂದವಳು ಕಾಯಿಪಲ್ಲೆ ಮಾರುವ ತಿಪ್ಪವ್ವ. ಬುಟ್ಟಿ ಅಲ್ಲೇ ಇಳಿಸಿ, ಮೆಟ್ಟಿಲ ಮೇಲೆ ಪುರಾಣಕ್ಕೆ ಕೂಡುವವಳಂತೆ ಸೆರಗು ಹೊದ್ದು ಕುಳಿತಳು. “ಏ ಬಸವಣ್ಣೆಪ್ಪ, ಇತ್ತಾಗ ತಿರುವೋ. ಎಣ್ಣಿ ಎಷ್ಟು ಹಾಕಾಕತ್ತಾಳ ನೋಡೂಣು.”

“ಆಯೀ, ಇದು ನನ್ನ ಫೋನು!”

“ಫೋನು ನಿಂದಪಾ. ಗಾಳಿ ನಿಮ್ಮಪ್ಪಂದೇನು?”

ಹಿಂದೆಯೇ ಬಂದವನು ದ್ಯಾಮಪ್ಪ. ನಿವೃತ್ತ ಬಸ್ ಕಂಡಕ್ಟರು. ಎಲ್ಲಿ ಜನ ಕಂಡರೂ ಅವರನ್ನು ಮುಂದೆ ಸರಿಸಿ ಒತ್ತೊತ್ತಾಗಿ ನಿಲ್ಲಿಸುವುದು ಅವನ ಹುಟ್ಟುಗುಣ. “ಪುಕ್ಕಟೆ ಬರೂದು ಅಂದ್ರ ಎಲ್ಲಾರದು” ಎಂದು ತೀರ್ಪು ಕೊಟ್ಟು, “ಮುಂದ ಸರೀರಿ, ಒಳಗ ಜಾಗಾ ಐತಿ” ಎಂದು ಬಜಾರನ್ನೇ ಅಂಗಡಿಯೊಳಕ್ಕೆ ತುಂಬತೊಡಗಿದ. ಮೂರನೆಯವನು ಮೈಲಾರಿ. ಪಕ್ಕದ ಓಣಿಯಲ್ಲಿ ಮೊಬೈಲ್ ರೀಚಾರ್ಜ್ ಮಾಡುವವನು. ಅವನ ಮುಖ ಆಗಲೇ ಸೀದಿತ್ತು.

“ಬಸವಣ್ಣೆಪ್ಪಣ್ಣ, ರೀಚಾರ್ಜ್ ಇಲ್ದ ಟೀವಿ ನೋಡ್ತೀಯಲ್ಲ, ನಾಳೆ ನಾ ಏನ್ ಗಂಟಿ ಬಾರಿಸ್ಲಿ? ನನ್ನ ಹೊಟ್ಟಿ ಮ್ಯಾಲೆ ಹೊಡದಿ ನೀ.”

“ನಿನ್ನ ಹೊಟ್ಟಿ ಅಲ್ಲ, ನಿನ್ನ ಬೆನ್ನ ಮ್ಯಾಲೆ ಹೊಡಿತೇನಿ ಈಗ. ನಡಿ ಇಲ್ಲಿಂದ!”

ಮೈಲಾರಿ ನಡೆಯಲಿಲ್ಲ. ಬೈಸಿಕೊಂಡ ಮೇಲೆ ನೋಡಿಕೊಂಡೇ ಹೋಗುವುದೆಂದು ನಿಂತ. ಅಷ್ಟರಲ್ಲಿ ಎಣಗಾಯಿಯ ಹೆಣ್ಣುಮಗಳ ಮುಖ ಚೌಕಚೌಕವಾಗಿ ಒಡೆದು, ಚೂರಾಗಿ, ಮಾಯವಾಯಿತು.

“ಕಡ್ಡಿ ಗಿಡ್ಡ ಆತು” ಎಂದ ಮೈಲಾರಿ. ಹೊಟ್ಟೆಯ ಮೇಲೆ ಹೊಡೆಸಿಕೊಂಡದ್ದನ್ನು ಮರೆತು, ಜೇಬಿನಿಂದ ತಾಮ್ರದ ತಂತಿ ತೆಗೆದು ಫೋನಿನ ಕಡ್ಡಿಗೆ ಸುತ್ತಿ, ಅದರ ಇನ್ನೊಂದು ತುದಿಯನ್ನು ಖಾರಾ ಕರಿಯುವ ಝಾರಾಕ್ಕೆ ಬಿಗಿದ. ತೂತುತೂತಿನ ಆ ದೊಡ್ಡ ಸೌಟನ್ನು ದ್ಯಾಮಪ್ಪನ ಕೈಗೆ ಕೊಟ್ಟು “ಮ್ಯಾಲೆ ಎತ್ರಿ ಕಾಕಾ” ಎಂದ. ದ್ಯಾಮಪ್ಪ ಎತ್ತಿದ. ಚಿತ್ರ ಬಂತು. ದ್ಯಾಮಪ್ಪ ಬೀಡಿಗೆಂದು ಕೈ ಇಳಿಸಿದ. ಚಿತ್ರ ಹೋಯಿತು.

“ಕೈ ಇಳಸಬ್ಯಾಡೋ ಕಾಕಾ!” ಎಂದು ಬಸವಣ್ಣೆಪ್ಪ ಕಿರುಚಿದ.

“ಸರ್ವಿಸಿನ್ಯಾಗಿದ್ದಾಗ ಇಷ್ಟೊತ್ತು ಕೈ ಎತ್ತಿದ್ರ ಓವರ್‌ಟೈಮ್ ಕೊಡ್ತಿದ್ರು” ಎಂದು ಗೊಣಗುತ್ತ ದ್ಯಾಮಪ್ಪ, ಶಾಪ ಕೊಡಲು ನಿಂತ ಋಷಿಯಂತೆ ಝಾರಾ ಎತ್ತಿ ಹಿಡಿದ. ತಿಪ್ಪವ್ವನಿಗೆ ಎಣಗಾಯಿ ಮುಗಿಯುವ ತನಕ ನೋಡಬೇಕಿತ್ತು. ದ್ಯಾಮಪ್ಪನಿಗೆ ಬೇರೆ ಚಾನೆಲ್ಲಿನಲ್ಲಿ ಕುಸ್ತಿ ಬೇಕಿತ್ತು. ಯಾರದೋ ಬೆರಳು ಒತ್ತಿ ಭಜನೆ ಬಂತು. ಇನ್ನೊಬ್ಬರ ಬೆರಳಿಗೆ ಹತ್ತಿಯ ರೋಗದ ಮಾತು ಬಂತು. ಬಸವಣ್ಣೆಪ್ಪ ತನ್ನ ಫೋನನ್ನು ತಾನೇ ನೋಡಬೇಕಾದರೆ ನಾಲ್ಕು ಹೆಗಲುಗಳ ನಡುವೆ ಇಣುಕಬೇಕಾಗಿತ್ತು. ಇಣುಕಿದಾಗ ಕಂಡದ್ದು ಬ್ಯಾಟರಿಯ ಗುರುತು. ಕೆಂಪಗಾಗುತ್ತಿತ್ತು.

ಎದುರು ಅಂಗಡಿಯಿಂದ ಮೃತ್ಯುಂಜಯ ಹಲ್ಲು ಕಿಸಿದು ಕೂಗಿದ. “ಏನ್ ಬಸವಣ್ಣೆಪ್ಪ, ಖಾರಾ ಬಿಟ್ಟು ಟಾಕೀಸ್ ತಗದೀಯೇನು?”

ಅಷ್ಟೇ ಸಾಕಾಯಿತು. ಮೆಣಸಿನಕಾಯಿ ಒಗ್ಗರಣೆಗೆ ಬಿದ್ದಂತೆ ಬಸವಣ್ಣೆಪ್ಪ ಚಿಟಪಟನೆ ಸಿಡಿದ. ಫೋನು ಕಸಿದುಕೊಂಡ. ತಂತಿ ಹರಿಯಿತು. “ಏಳ್ರಿ! ಎಲ್ಲಾರೂ ಏಳ್ರಿ! ಪುಕ್ಕಟೆ ಸಿಕ್ಕೇತಂತ ನನ್ನ ತಲೀ ಮ್ಯಾಲೆ ಕುಂತೀರಿ? ಆಯೀ, ನಿನ್ನ ಬುಟ್ಟಿ ತಗಿ. ಮೈಲಾರಿ, ನಿನ್ನ ತಂತಿ ತಗೊಂಡು ನಿನ್ನ ಕೊಳ್ಳಾಗ ಹಾಕ್ಕೋ. ಒಬ್ಬರ ಮಾರಿನೂ ಕಾಣಬಾರ್ದು ನನಗ!”

ತಿಪ್ಪವ್ವ ಬುಟ್ಟಿ ಎತ್ತಿಕೊಂಡು, “ನಿಮ್ಮವ್ವ ಇದ್ದಿದ್ರ ಹಿಂಗ ಅಂತಿದ್ಲೇನು?” ಎಂದು ಮೂಗು ಒರೆಸಿದಳು. ಆದರೂ ಯಾರೂ ದೂರ ಹೋಗಲಿಲ್ಲ. ಮೆಟ್ಟಿಲಿಳಿದು ಅಂಗಡಿಯ ಮುಂದೆಯೇ ಮುಖ ಊದಿಸಿಕೊಂಡು ನಿಂತರು. ಝಾರಾ ಕೆಳಗಿಡಬೇಕೋ ಬೇಡವೋ ಎಂದು ಯಾರೂ ಹೇಳದ್ದರಿಂದ ದ್ಯಾಮಪ್ಪ ಅದನ್ನು ಹಿಡಿದೇ ಇದ್ದ.

ಈ ಗದ್ದಲಕ್ಕೆಲ್ಲ ಕಿವಿಗೊಡದೆ ಪಕ್ಕದಲ್ಲಿ ಎಲೆ ಜೋಡಿಸುತ್ತಿದ್ದವನು ಮಹಮ್ಮದಗೌಸ. ವೀಳ್ಯದೆಲೆಯ ವ್ಯಾಪಾರಿ, ಬಸವಣ್ಣೆಪ್ಪನ ಗೆಳೆಯ. ಇಡೀ ಬಜಾರಿನಲ್ಲಿ ಬಸವಣ್ಣೆಪ್ಪ ಬೈಯದೆ ಬಿಟ್ಟ ಒಬ್ಬನೇ ಮನುಷ್ಯ. ಕಾರಣ, ಅವನು ಮಾತೇ ಆಡುತ್ತಿರಲಿಲ್ಲ. ಗಿರಾಕಿ ಎಷ್ಟು ಚೌಕಾಶಿ ಮಾಡಿದರೂ ಅವನದು ಒಂದು ‘ಹೂಂ’, ಇಲ್ಲವೇ ಒಂದು ‘ಊಹೂಂ’. ಈಗ ಅವನು ಎಲೆಯಿಂದ ತಲೆಯೆತ್ತಿ, “ನಮ್ಮ ತೋಟಕ್ಕ ಹೋಗು. ಬಯಲ ಐತಿ” ಎಂದ.

ಬಸವಣ್ಣೆಪ್ಪನಿಗೆ ಕಣ್ಣು ತುಂಬಿ ಬಂದವು. ಇಷ್ಟು ಜನರಲ್ಲಿ ಇವನೊಬ್ಬನೇ ಮನುಷ್ಯ! ಆದರೆ ಹೊತ್ತು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಗಾದಿ ಬರಿದಿರಬಾರದು. ಆ ಹೊತ್ತಿಗೆ ಅದರ ಮೇಲೆ ಯಾರು ಕುಳಿತಿರುವರೋ ಅವರು ಅಂಗಡಿ ಮುಚ್ಚುವ ತನಕ ಏಳಬಾರದು. ಎದ್ದರೆ ಮನೆಗೆ ಬಂದ ಲಕ್ಷ್ಮಿಯನ್ನು ಎಬ್ಬಿಸಿ ಕಳಿಸಿದಂತೆ ಎಂಬುದು ಆ ಬಜಾರಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ನಡೆಸಿಕೊಂಡು ಬಂದ ಕಟ್ಟಳೆ. ಒಬ್ಬರಿಗೆ ಆಗದಿದ್ದರೆ ಪಕ್ಕದ ಅಂಗಡಿಯವರು ಬಂದು ಕೂಡುವುದೂ ವಾಡಿಕೆ.

“ಗೌಸಣ್ಣ, ನೀನ ಕುಂದ್ರಬೇಕು. ಬ್ಯಾರೆ ಯಾರನ್ನೂ ನಂಬಂಗಿಲ್ಲ ನಾ.”

“ಹೂಂ” ಎಂದು ಮಹಮ್ಮದಗೌಸ ತನ್ನ ಅಂಗಡಿ ಮುಚ್ಚಿ, ಕೈ ತೊಳೆದು, ತಲೆಗೆ ಟೊಪ್ಪಿಗೆ ಇಟ್ಟುಕೊಂಡು, ಗಾದಿಯನ್ನೇರಿ ಕುಳಿತ.

ಎಲೆ ತೋಟ ಊರ ಹೊರಗಿತ್ತು. ಬಸವಣ್ಣೆಪ್ಪ ದಾರಿಯುದ್ದಕ್ಕೂ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತ ನಡೆದ. ತೋಟದ ಬಾಗಿಲಲ್ಲಿ ಮಾತ್ರ ಬೈಗುಳವನ್ನೂ ಚಪ್ಪಲಿಯನ್ನೂ ಬಿಟ್ಟ. ಎಲೆ ಬಳ್ಳಿಯ ನಡುವೆ ಕಾಲಿಗೆ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ. ಒಳಗೆ ತಂಪು. ಬಳ್ಳಿಗಳ ನಡುವೆ ಫೋನು ಎತ್ತಿ ಹಿಡಿದ. ಚಿತ್ರ ಕನ್ನಡಿಯಂತೆ ಸ್ವಚ್ಛವಾಗಿ ಮೂಡಿತು. ಬ್ಯಾಟರಿ ಕೊನೆಯುಸಿರಿನಲ್ಲಿತ್ತು, ಆದರೂ ಹಿಡಿದುಕೊಂಡಿತ್ತು. ಕಾರ್ಯಕ್ರಮ ಶುರುವಾಗಿತ್ತು. ಸುತ್ತ ಒಂದು ನರಪಿಳ್ಳೆಯಿಲ್ಲ. ಬೆಳಗಿನಿಂದ ಮೊದಲ ಬಾರಿಗೆ ಬಸವಣ್ಣೆಪ್ಪ ಉಸಿರು ಬಿಟ್ಟ.

“ಈಗ ನಾವು ಸವಣೂರಿಗೆ ಬಂದಿದ್ದೇವೆ” ಎಂದಳು ಟೀವಿಯ ಹುಡುಗಿ. ಬಸವಣ್ಣೆಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ತೆರೆದಾಗ ಪರದೆಯ ಮೇಲೆ ಅವನ ಅಂಗಡಿಯೇ ಇತ್ತು! ಮೃತ್ಯುಂಜಯನದಲ್ಲ. ಅವನದು!

“ಯಪ್ಪಾ ತಂದೇ!” ಎಂದು ಅವನು ಒಂದು ಬಳ್ಳಿಯನ್ನೇ ಅಪ್ಪಿಕೊಂಡ. ಚಿತ್ರ ಮೆಟ್ಟಿಲ ಹತ್ತಿರ ಸರಿಯಿತು. ಅಲ್ಲೊಬ್ಬ ಮುದುಕ ಝಾರಾ ಹಿಡಿದು ನಿಂತಿದ್ದ.

ಬಸವಣ್ಣೆಪ್ಪನ ನಗು ಮುಖದ ಮೇಲೆಯೇ ಆರಿತು. ಆವತ್ತು ಅವರು ಚಿತ್ರ ತೆಗೆಯುವಾಗ ದ್ಯಾಮಪ್ಪ ಅಲ್ಲಿರಲಿಲ್ಲ. ಅವನ ಕೈಗೆ ಝಾರಾ ಬಂದದ್ದೇ ಇವತ್ತು. ಝಾರಾದ ತುದಿಯಲ್ಲಿ ಹರಿದ ತಾಮ್ರದ ತಂತಿ ಇನ್ನೂ ತೂಗುತ್ತಿತ್ತು. ಅಂದರೆ ಇದು ಹಿಂದೆ ತೆಗೆದದ್ದಲ್ಲ. ಈಗಲೇ, ಈ ಕ್ಷಣವೇ ನಡೆಯುತ್ತಿರುವುದು!

ಹುಡುಗಿ ಮೆಟ್ಟಿಲೇರಿ ಗಾದಿಯ ಮುಂದೆ ಮೈಕು ಹಿಡಿದಳು. “ಹೇಳದೆ ಕೇಳದೆ ಬಂದಿದ್ದೇವೆ, ಯಜಮಾನರೇ. ನಿಮ್ಮ ಖಾರಾ ಇಷ್ಟು ಹೆಸರಾಗಲು ಕಾರಣವೇನು?”

ಮಹಮ್ಮದಗೌಸ ಒಮ್ಮೆ ಮೈಕು ನೋಡಿದ. ಒಮ್ಮೆ ರಸ್ತೆಯ ಕಡೆ ನೋಡಿದ. ಬಸವಣ್ಣೆಪ್ಪ ತೋಟದಿಂದ “ಹೇಳೋ ಗೌಸಣ್ಣ, ಅಂಗಡಿ ಬಸವಣ್ಣೆಪ್ಪಂದು ಅಂತ ಹೇಳೋ!” ಎಂದು ಅರಚಿದ. ಆ ಫೋನಿಗೆ ಗಾಳಿಯಿಂದ ತರುವುದು ಗೊತ್ತಿತ್ತೇ ಹೊರತು ಒಯ್ಯುವುದು ಗೊತ್ತಿರಲಿಲ್ಲ.

ಮಹಮ್ಮದಗೌಸ ಬಾಯಿ ತೆರೆದ. ಬದುಕಿನುದ್ದಕ್ಕೂ ಕೂಡಿಟ್ಟ ಮಾತುಗಳೆಲ್ಲ ಕಟ್ಟೆಯೊಡೆದ ಕೆರೆಯಂತೆ ಹೊರಟವು. “ಕೇಳ್ರಿ ತಂಗೀ. ಈ ಗಾದಿ ಹಿರೇರ ಗಾದಿ. ಕಡಲಿ ಬ್ಯಾಳಿ ನಾವ ಹಸನ ಮಾಡಿ, ನಾವ ಬೀಸಸ್ತೇವಿ. ಒಮ್ಮೆ ಕರದ ಎಣ್ಣಿ ಎರಡನೇ ಸಲ ಒಲಿ ನೋಡೂದಿಲ್ಲ. ಅಸಲಿ ಅಂತ ನಾವು ಬೋರ್ಡ್ ಹಾಕಂಗಿಲ್ರಿ, ನಾಲಿಗಿ ಮ್ಯಾಲೆ ಬರದ್ ಕೊಡ್ತೇವಿ!” ಜನ ಚಪ್ಪಾಳೆ ತಟ್ಟಿದರು. ತಿಪ್ಪವ್ವ ಕ್ಯಾಮೆರಾದ ಮುಂದೆ ಬಂದು ಹೌದುಹೌದೆಂದು ತಲೆಯಾಡಿಸಿದಳು. ಅವನ ಎದೆಯ ಕೆಳಗೆ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತು: ‘ಮಹಮ್ಮದಗೌಸ, ಸವಣೂರಿನ ಅಸಲಿ ಖಾರಾ ಅಂಗಡಿಯ ಮಾಲೀಕರು’. ಅದನ್ನು ಓದಿಸಿಯೇ ಬ್ಯಾಟರಿ ಪ್ರಾಣ ಬಿಟ್ಟಿತು.

ಬಸವಣ್ಣೆಪ್ಪ ಚಪ್ಪಲಿ ಮರೆತು ಓಡಿದ. ಜಲ್ಲಿಕಲ್ಲು ಚುಚ್ಚಿದರೆ ಕಲ್ಲನ್ನು ಬೈದ. ನಾಯಿ ಬೊಗಳಿದರೆ ತಿರುಗಿ ತಾನೂ ಅಷ್ಟೇ ಬೊಗಳಿದ. ಬಜಾರಿಗೆ ಬರುವಷ್ಟರಲ್ಲಿ ತಲೆಯ ಮೇಲೆ ತಟ್ಟೆ ಹೊತ್ತ ಟೀವಿಯವರ ವ್ಯಾನು ಹಾನಗಲ್ಲಿನ ದಾರಿ ಹಿಡಿದಿತ್ತು. ಕರೆಂಟು ಬಂದಿತ್ತು.

“ಗೌಸಣ್ಣಾ! ಏನ್ ಮಾಡಿದ್ಯೋ ಇದು?”

ಮಹಮ್ಮದಗೌಸನ ಮುಖದಲ್ಲಿ ಕಪಟವೆಂಬುದು ಎಳ್ಳಷ್ಟೂ ಇರಲಿಲ್ಲ. “ನಿನ್ನ ಗಾದಿ ಮ್ಯಾಲೆ ಕುಂತು ಗೊತ್ತಿಲ್ಲ ಅಂದ್ರ ಅಂಗಡಿ ಮಾನ ಉಳಿತಿತ್ತೇನು? ದಿನಾ ನೀ ಗಿರಾಕಿಗೋಳಿಗೆ ಒದರೂದು ಗ್ವಾಡಿ ಆಚೆಯಿಂದ ಕೇಳ್ತೇನಲ್ಲ, ಅದನ್ನ ಹೇಳೇನಿ. ನನ್ನ ಹೆಸರು ಕೇಳಿದ್ಲು, ಹೇಳಿದ್ನಿ. ಕಡೀಕ ನಿಂದೂ ಹೇಳಾಕ ಹೋದ್ನಿ, ಅಷ್ಟರಾಗ ಮೈಕ ಕಸಕೊಂಡ್ಲು.”

ಕಾಲಿನ ರಕ್ತ ಒರೆಸಿಕೊಳ್ಳುತ್ತ ಬಸವಣ್ಣೆಪ್ಪ ಯಾರನ್ನು ಬೈಯಲಿ ಎಂದು ಸುತ್ತ ನೋಡಿದ. ಬೈಯಬೇಕಾದವರನ್ನೆಲ್ಲ ಮಧ್ಯಾಹ್ನವೇ ಬೈದಾಗಿತ್ತು. ನೆಟ್ಟೂ ಬಂದು ಅವನ ಹಳೆಯ ಫೋನು ಕೂಗತೊಡಗಿತು. ಹಂಸಭಾವಿಯಿಂದ ಶಿವಬಸವ್ವ.

“ರೀ, ನಮ್ಮವ್ವ ಕೇಳಾಕತ್ತಾಳ. ಅಂಗಡಿ ಯಾವಾಗ ಮಾರಿದ್ರಿ? ನನಗ ಒಂದ್ ಮಾತು ಹೇಳಬೇಕಂತ ಅನಿಸಲಿಲ್ಲೇನು ನಿಮಗ? ನಾಳೆ ಬಾ ಅಂದಿದ್ರಲ್ಲ, ನಾ ಬರಂಗಿಲ್ಲ!”

ಅವನು ಉತ್ತರ ಕೊಡುವ ಮೊದಲೇ ಫೋನಿಟ್ಟಳು. ಅಷ್ಟರಲ್ಲಿ ಅಂಗಡಿಯ ಮುಂದೆ ಮೋಟಾರು ಸೈಕಲ್ಲುಗಳು ಬಂದು ನಿಲ್ಲತೊಡಗಿದವು. ಯಲವಿಗಿಯಿಂದ, ಶಿಗ್ಗಾವಿಯ ರಸ್ತೆಯಿಂದ, ಎಲ್ಲಿಂದಲೋ. ಟೀವಿ ನೋಡಿ ಹೊರಟವರು. ಗಾದಿಯ ಮೇಲಿನವನು ಏಳುವಂತಿಲ್ಲ. ಹಾಗಾಗಿ ತೂಗುವುದು, ಕಟ್ಟುವುದು, ಒಳಗಿನಿಂದ ಡಬ್ಬಿ ತರುವುದು ಎಲ್ಲ ಬಸವಣ್ಣೆಪ್ಪನ ಪಾಲಿಗೆ ಬಂತು. ಬರಿಗಾಲಲ್ಲಿ ಕುಂಟುತ್ತ, ಹಲ್ಲು ಕಡಿಯುತ್ತ, ಅವನು ಪೊಟ್ಟಣದ ಮೇಲೆ ಪೊಟ್ಟಣ ಕಟ್ಟಿದ. “ಲಗೂ ಲಗೂ” ಎಂದ ಒಬ್ಬನ ಕೈಗೆ ಪೊಟ್ಟಣವನ್ನು ಕುಕ್ಕಿದ.

ಆ ಗಿರಾಕಿ ಖಾರಾ ಬಾಯಿಗೆ ಹಾಕಿಕೊಂಡು ಗಾದಿಯ ಕಡೆ ಬಾಗಿ ಮೆಲ್ಲಗೆ ಹೇಳಿದ. “ಸಾಹೇಬ್ರ, ಮಾಲ್ ಏನೋ ನಂಬರ್ ಒನ್ ಐತ್ರಿ. ಆದ್ರ ಈ ಆಳ ಮನಶ್ಯಾಗ ಭಾಳ ಸಿಟ್ಟು. ಬದಲಿ ಮಾಡ್ರಿ.”

ಮಹಮ್ಮದಗೌಸ ಬಸವಣ್ಣೆಪ್ಪನ ಕಡೆ ಕರುಣೆಯಿಂದ ನೋಡಿ, ಗಿರಾಕಿಗೆ ಕೈ ಮುಗಿದ.

“ಇರ್ಲಿ ಬಿಡ್ರಿ. ಮನಶ್ಯಾ ಪ್ರಾಮಾಣಿಕ ಅದಾನ.”